ಮೆಟ್ಟಿಲ ಮಾತು ಕೆಳಗಿಳಿಯುವುದಿಲ್ಲ

ಮಾರ್ಚ್ ೧೧, ಮಂಗಳವಾರ

ನಕ್ಷೆರಾಯರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ಹೆಂಡತಿ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ ಎಂದುಕೊಂಡೇ ಬರೆದಿದ್ದೇನೆ. ಇಲ್ಲ ಎನ್ನುವುದಾದರೆ ಅದನ್ನು ಹೊಡೆದುಹಾಕಿ ನಿಮ್ಮ ಕಂಪನಿಯ ಗ್ರಾಹಕಿ ಎಂದು ಓದಿಕೊಳ್ಳಿ. ಗ್ರಾಹಕಿಯಂತೂ ಹೌದು, ತಿಂಗಳು ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದೇನೆ.

ಮೊದಲು ಗ್ರಾಹಕಿಯ ದೂರು ಕೇಳಿ, ಹೆಂಡತಿಯದು ಆಮೇಲೆ.

ನಿಮ್ಮ ಕಂಪನಿಯ ನಕ್ಷೆಯಲ್ಲಿ ನಾನಿರುವ ಈ ತಗ್ಗು ಪೂರ್ತಿ ನೇರಳೆ ಬಣ್ಣ. ನೇರಳೆ ಎಂದರೆ ಮನೆಯೊಳಗೆ, ಬಾಗಿಲು ಮುಚ್ಚಿಕೊಂಡರೂ ಸಿಗ್ನಲ್ ಸಿಗುತ್ತದೆ ಎಂದು ನೀವೇ ನನಗೆ ಹೇಳಿಕೊಟ್ಟದ್ದು. ನನ್ನ ಮನೆಯೊಳಗೆ ಫೋನು ಟಾರ್ಚಾಗಿ ಕೆಲಸ ಮಾಡುತ್ತದೆ, ಗಡಿಯಾರವಾಗಿ ಕೆಲಸ ಮಾಡುತ್ತದೆ, ಕಿಟಕಿ ತೆರೆದಾಗ ಕಾಗದ ಹಾರದ ಹಾಗೆ ಮೇಲಿಡುವ ಕಲ್ಲಾಗಿಯೂ ಕೆಲಸ ಮಾಡುತ್ತದೆ. ಫೋನಾಗಿ ಮಾತ್ರ ಇಲ್ಲ. ಅಡುಗೆಮನೆಯಲ್ಲಿ ಇಲ್ಲ, ಅಂಗಳದಲ್ಲಿ ಇಲ್ಲ, ನನ್ನ ಪಶು ಆಸ್ಪತ್ರೆಯಲ್ಲಂತೂ ಕೇಳಲೇಬೇಡಿ. ತಂತಿಯ ಫೋನು ರಸ್ತೆ ಅಗೆದಾಗಲೇ ಹೋಯಿತಂತೆ, ಮತ್ತೆ ಯಾರೂ ಜೋಡಿಸಲಿಲ್ಲ. ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದರೆ ಅದರ ಯಜಮಾನ ಬೈಕ್ ಹತ್ತಿ ನನ್ನನ್ನು ಹುಡುಕಿಕೊಂಡು ಬರಬೇಕು. ನಾನು ಇನ್ನೊಂದು ಕೊಟ್ಟಿಗೆಯಲ್ಲಿದ್ದರೆ ಅಲ್ಲಿಗೆ, ಅಲ್ಲಿಯೂ ಇಲ್ಲದಿದ್ದರೆ ಮತ್ತೊಂದಕ್ಕೆ. ಮೊನ್ನೆ ಹಾಗೆ ಹುಡುಕಿ ಬಂದವನ ಹಿಂದೆ ಕೂತು ನಾನು ತಲುಪುವಷ್ಟರಲ್ಲಿ ಕರು ಹೋಗಿಬಿಟ್ಟಿತ್ತು. ತಾಯಿ ಉಳಿಯಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನೆನಪಿದೆಯಾ, ಇಲ್ಲಿಗೆ ವರ್ಗವಾದ ಆದೇಶ ಕೈಗೆ ಬಂದಾಗ ನಾನು ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ನೀವು ಲ್ಯಾಪ್‌ಟಾಪ್ ತಂದು ನನ್ನ ಮಡಿಲಲ್ಲಿಟ್ಟು ಇಡೀ ತಗ್ಗನ್ನು ತೋರಿಸಿದಿರಿ. "ನೋಡೇ, ಎಲ್ಲಾ ಕಡೆ ನೇರಳೆ! ನಾನೇ ಮಾಡಿದ ನಕ್ಷೆ ಇದು. ದಿನಾ ಮಾತಾಡೋಣ, ಪಕ್ಕದ ರೂಮಲ್ಲಿದ್ದ ಹಾಗೇ ಇರುತ್ತೆ" ಅಂದಿರಿ. ಆ ಬಣ್ಣ ನೋಡಿಯೇ ನಾನು ಪೆಟ್ಟಿಗೆ ಕಟ್ಟಿದ್ದು. ಗಂಡನ ಮಾತು ನಂಬಿ ಊರು ಬಿಟ್ಟವರನ್ನು ಕೇಳಿದ್ದೇನೆ, ಗಂಡನ ಬಣ್ಣ ನಂಬಿ ಊರು ಬಿಟ್ಟವಳು ನಾನೊಬ್ಬಳೇ ಇರಬೇಕು.

ಇಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಪೇಟೆ ಬೀದಿಯ ಕೊನೆಯಲ್ಲಿರುವ ನೀರಿನ ಟ್ಯಾಂಕು. ಅದರ ಸುತ್ತ ಸುರುಳಿಯಾಗಿ ಹತ್ತುವ ಸಿಮೆಂಟಿನ ಮೆಟ್ಟಿಲುಗಳಿವೆ. ಅರ್ಧ ಹತ್ತಿ ಗುಡ್ಡದ ಕಡೆ ಮುಖ ಮಾಡಿ ನಿಂತರೆ ಒಂದೆರಡು ಗೀರು ಮೂಡುತ್ತವೆ. ನಾನು ಬಂದ ಮೊದಲ ವಾರ ದಾರಿಯಲ್ಲಿ ನಿಂತು ಫೋನನ್ನು ಆಕಾಶಕ್ಕೆ ಎತ್ತಿ ಎತ್ತಿ ನೋಡುತ್ತಿದ್ದೆ. ಟೈಲರಮ್ಮ ತಮ್ಮ ಅಂಗಡಿಯೊಳಗಿಂದ ಕೂಗಿ, "ಯಾಕಮ್ಮಾ ಅದಕ್ಕೆ ಬಿಸಿಲು ಕಾಯಿಸ್ತಿದ್ದೀರಾ? ಟ್ಯಾಂಕ್ ಹತ್ರ ಬನ್ನಿ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿಕೊಟ್ಟರು. ಇವರು ನನ್ನ ಪಕ್ಕದ ಮನೆಯವರೂ ಹೌದು. ಅವತ್ತಿನಿಂದ ನನಗೆ ಈ ಊರಲ್ಲಿ ಅಕ್ಕನಿದ್ದ ಹಾಗೆ.

ಮೆಟ್ಟಿಲಿಗೆ ಒಂದು ರಿವಾಜಿದೆ. ಸಂಜೆ ಹೊತ್ತು ಅಲ್ಲಿ ಜನ ಸಾಲಾಗಿ ನಿಂತಿರುತ್ತಾರೆ. ಮೇಲಿನವರು ಮಾತಾಡುವಾಗ ಕೆಳಗಿನವರೆಲ್ಲ ಬೆನ್ನು ತಿರುಗಿಸಿ ಏನಾದರೂ ಗುನುಗಬೇಕು. ರಾಗ ಬರಲೇಬೇಕೆಂದಿಲ್ಲ, ಸದ್ದು ಬಂದರೆ ಸಾಕು. ನನ್ನ ಸರದಿ ಮೊದಲ ಸಲ ಬಂದಾಗ ನಾನು ಹಿಂದೆ ಮುಂದೆ ನೋಡುತ್ತಾ ನಿಂತೆ. ಕಟಿಂಗ್ ಶಾಪಿನವನು, "ಮಾತಾಡಿ ಮೇಡಂ, ನಾವೀಗ ಎಲ್ರೂ ಕಿವುಡ್ರು" ಎಂದು ಗೋಡೆಗೆ ಮುಖ ಮಾಡಿಕೊಂಡು ಗುನುಗತೊಡಗಿದ. ಅದನ್ನು ಹಾಡು ಎನ್ನುವುದಾದರೆ ನನ್ನ ಎಮ್ಮೆಗಳೂ ಹಾಡುಗಾರ್ತಿಯರೇ. ಎಷ್ಟು ಗುನುಗಿದರೂ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ. ಆದರೆ ಮೆಟ್ಟಿಲ ಮೇಲೆ ಕೇಳಿದ್ದನ್ನು ನೆಲದ ಮೇಲೆ ಯಾರೂ ಆಡುವುದಿಲ್ಲ. ಯಾರ ಮಗಳ ಸಂಬಂಧ ಮುರಿಯಿತು, ಯಾರ ತಮ್ಮ ಕೆಲಸ ಕಳೆದುಕೊಂಡ, ಊರಿಗೆಲ್ಲ ಗೊತ್ತು. ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಕೆಳಗೆ ಇಳಿದರೆ, "ಏನಮ್ಮಾ, ಬಿಸಿಲು ಜೋರು" ಅಷ್ಟೇ.

ನಾನು ಫೋನಲ್ಲಿ ಹೂಂ, ಹಾಂ, ಸರಿ, ಆಯ್ತು ಎನ್ನುತ್ತಿದ್ದದ್ದು ಇದಕ್ಕೇ. ನಿಮಗೆ ಅದು ಉದಾಸೀನ ಎನ್ನಿಸಿತು. ಹಿಂದೆ ಏಳೆಂಟು ಜನ ಬೆನ್ನು ತಿರುಗಿಸಿ ನಿಂತಿರುವಾಗ ಹೆಂಗಸೊಬ್ಬಳು ಗಂಡನ ಹತ್ತಿರ ಏನು ತಾನೇ ಹೇಳಬಲ್ಲಳು? ಇದನ್ನು ನಿಮಗೆ ಹೇಳಿದೆ. ಒಂದಲ್ಲ, ಹತ್ತು ಸಲ ಹೇಳಿದೆ. ಮನೆಯಲ್ಲಿ ಸಿಗ್ನಲ್ ಇಲ್ಲ ಎಂದೆ. "ಇದೆಯಲ್ಲ" ಅಂದಿರಿ. ಇಲ್ಲ ಎಂದೆ. "ಸ್ವಿಚ್ ಆಫ್ ಮಾಡಿ ಆನ್ ಮಾಡು" ಅಂದಿರಿ. ನಕ್ಷೆಯಲ್ಲಿ ಗಂಗೆ ಹರಿದರೆ ಮನೆಯ ಕೊಡ ತುಂಬುತ್ತದಾ ಎಂದು ಕೇಳಿದೆ. ನೀವು ನಗಲಿಲ್ಲ.

ಇನ್ನು ಹೆಂಡತಿಯ ದೂರು.

ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ದಿನ ನೀವು ಬೆಳಗಿನಿಂದ ನನಗೆ ಫೋನ್ ಮಾಡಿದ್ದಿರಿ. ನಾನು ಆಗ ಮೊಣಕೈವರೆಗೆ ಹಸುವಿನ ಹೊಟ್ಟೆಯಲ್ಲಿ ಕೈ ಹಾಕಿಕೊಂಡು ಅಡ್ಡ ತಿರುಗಿದ ಕರುವನ್ನು ಎಳೆಯುತ್ತಿದ್ದೆ. ಮಾರನೆಯ ದಿನವೂ ಅಂಥದ್ದೇ ಒಂದು. ಮೂರನೆಯ ದಿನ ಸಂಜೆ ಟ್ಯಾಂಕು ಹತ್ತಿದಾಗ ಫೋನು ಜೀವ ಬಂದ ಹಾಗೆ ನಡುಗಿತು, ನಿಮ್ಮ ಸಂದೇಶಗಳೆಲ್ಲ ಒಟ್ಟಿಗೇ ಬಂದು ಬಿದ್ದವು. ಮೊದಲಿನದು "ಅಮ್ಮ ಬಿದ್ದಿದ್ದಾಳೆ", ಕೊನೆಯದು "ನೀನು ಬರೋದೇನೂ ಬೇಡ". ನಾನು ಹಾಗೇ ಇಳಿದು ಹಾಲಿನ ವ್ಯಾನು ಹತ್ತಿ ಬಂದೆ. ಕೊಟ್ಟಿಗೆಯ ಬಟ್ಟೆಯಲ್ಲೇ ಬಂದೆ.

ಆಸ್ಪತ್ರೆಯ ಕಾರಿಡಾರಿನಲ್ಲಿ, ಅತ್ತೆಯ ಕೋಣೆಯ ಬಾಗಿಲ ಪಕ್ಕದಲ್ಲೇ ನೀವು ಗೋಡೆಗೆ ಒರಗಿ ನಿಂತಿದ್ದಿರಿ. ಸಿಗ್ನಲ್ ಇರಲಿಲ್ಲ ಎಂದೆ. ನೀವು ನನ್ನ ಮುಖವನ್ನೂ ನೋಡದೆ ಮೆಲ್ಲಗೆ, "ನಕ್ಷೆ ಸುಳ್ಳು ಹೇಳಲ್ಲ" ಅಂದಿರಿ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ತಡವಾಗಿದ್ದು ನಿಜ, ಮುದುಕಿ ನೋವಿನಲ್ಲಿ ನನ್ನ ಹೆಸರು ಕರೆದರಂತೆ, ಅದೂ ನಿಜ. ಆದರೆ ಆ ಮಾತಿನ ಇನ್ನೊಂದು ಅರ್ಧವನ್ನು ನೀವು ಬಾಯಿ ಬಿಟ್ಟು ಹೇಳಲಿಲ್ಲ. ನಕ್ಷೆ ಸುಳ್ಳು ಹೇಳದಿದ್ದರೆ ಸುಳ್ಳು ಹೇಳಿದವಳು ಯಾರು? ಒಳಗಿದ್ದ ಅತ್ತೆ ಮಂಚದ ಮೇಲಿಂದಲೇ, "ಅವಳು ಸುಳ್ಳು ಹೇಳೋಳಲ್ಲ ಕಣೋ" ಅಂದರು. ಸೊಂಟಕ್ಕೆ ರಾಡ್ ಹಾಕಿಸಿಕೊಂಡು ಮಲಗಿದ್ದ ಹೆಂಗಸಿಗೆ ಗೊತ್ತಾದದ್ದು ನನ್ನ ಜೊತೆ ಎಂಟು ವರ್ಷ ಸಂಸಾರ ಮಾಡಿದ ನಿಮಗೆ ಗೊತ್ತಾಗಲಿಲ್ಲ. ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು. ವಾಪಸ್ ಬರುವಾಗ ವ್ಯಾನಿನ ಡ್ರೈವರ್ ಏನೂ ಕೇಳದೆ ಕಿಟಕಿಯ ಗಾಜು ಇಳಿಸಿಕೊಟ್ಟ. ಅತ್ತುಕೊಳ್ಳಲು ಗಾಳಿ ಒಳ್ಳೆಯದು ಎಂದು ಅವನಿಗೆ ಗೊತ್ತಿತ್ತೋ ಏನೋ.

ಕುರ್ಚಿಯಲ್ಲಿ ಕೂತು ನೀವು ಕಾಣದ ಊರಿಗೆ ಬಣ್ಣ ತುಂಬುತ್ತೀರಿ, ಅದು ನಿಮ್ಮ ಕೆಲಸ. ನನಗೂ ಹಾಗೇ ಬಣ್ಣ ತುಂಬಿಬಿಟ್ಟಿರಿ. ಅದು ನಿಮ್ಮ ಕೆಲಸವಲ್ಲ.

ಆಮೇಲೆ ಹೋದ ತಿಂಗಳಿನ ಆ ಫೋನು. ದೂರದ ಶಾಖೆಗೆ, ಒಂದು ಹಗಲು ಒಂದು ರಾತ್ರಿಯ ರೈಲು ದೂರಕ್ಕೆ, ಮೂರು ವರ್ಷಕ್ಕೆ ಕರೆದಿದ್ದಾರೆ ಎಂದಿರಿ. ಹೋಗುತ್ತೀರಾ ಎಂದೆ. ನೀವು, "ಈ ಸಂಸಾರ ನಿನಗೆ ಬೇಕಾ ಬೇಡ್ವಾ, ಒಂದೇ ಮಾತಲ್ಲಿ ಹೇಳಿಬಿಡು" ಎಂದು ಕೇಳಿದಿರಿ. ಅಷ್ಟರಲ್ಲಿ ಲೈನು ಹೋಯಿತು. ಅವತ್ತು ಸಂಜೆಯ ಗಾಳಿಗೆ ಕರೆಂಟ್ ಕಂಬಗಳು ಬಿದ್ದು ಗುಡ್ಡದ ಮೇಲಿನ ಟವರೇ ವಾರಗಟ್ಟಲೆ ಸತ್ತಿತ್ತು. ಅದು ಮತ್ತೆ ಜೀವ ಹಿಡಿಯುವ ಮೊದಲೇ ನಿಮ್ಮ ಚೀಟಿ ಅಂಚೆಯಲ್ಲಿ ಬಂತು. "ನಿನ್ನ ಮೌನ ಅರ್ಥವಾಯಿತು. ಹದಿನೈದನೇ ತಾರೀಖಿನೊಳಗೆ ಒಪ್ಪಿಗೆ ಕೊಡುತ್ತೇನೆ. ನಿನ್ನ ಸಾಮಾನನ್ನು ಎಲ್ಲಿಗೆ ಕಳಿಸಲಿ?"

ಸಾಮಾನು ಎಂದರೆ ಏನು ಮಹಾ, ನನ್ನ ಎರಡು ಕಪಾಟು ಪುಸ್ತಕ, ಒಂದು ಹೊಲಿಗೆ ಯಂತ್ರ, ನಿಮ್ಮ ಅಮ್ಮ ಕೊಟ್ಟ ರೇಷ್ಮೆ ಸೀರೆಗಳು. ಸದ್ಯಕ್ಕೆ ಅಲ್ಲೇ ಇರಲಿ.

ಈಗ ಟವರ್ ಸರಿಯಾಗಿದೆ, ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಮಾಡಲಾರೆ, ಯಾಕೆಂದು ಕೊನೆಯಲ್ಲಿ ಬರೆಯುತ್ತೇನೆ. ನೀನೇ ಬರಬಹುದಿತ್ತಲ್ಲ ಎನ್ನುತ್ತೀರಿ. ಇದು ಹಸುಗಳು ಕರು ಹಾಕುವ ಕಾಲ, ಮೂರು ಹಳ್ಳಿಗೆ ನಾನೊಬ್ಬಳೇ ಎಂದು ನೆಪ ಹೇಳಬಹುದು. ನೆಪ ಬೇಡ. ಒಂದು ಸಲ ಕೊಟ್ಟಿಗೆಯ ಬಟ್ಟೆಯಲ್ಲಿ ಓಡಿ ಬಂದು ಆ ಕಾರಿಡಾರಿನಲ್ಲಿ ನಿಂತಿದ್ದೆ. ಈ ಸಲ ನಿಮ್ಮ ಸರದಿ. ಬಂದು ನನ್ನ ಅಂಗಳದಲ್ಲಿ ನಿಮ್ಮ ಫೋನು ಹಿಡಿದು ನಿಲ್ಲಿ. ನೀವು ಬಳಿದ ನೇರಳೆ ಎಲ್ಲಿದೆ ತೋರಿಸಿ. ಸಿಕ್ಕಿದರೆ ನಾನು ಸುಳ್ಳಿ. ಸಿಗದಿದ್ದರೆ ನೀವು ನನ್ನ ಮುಖ ನೋಡಿ ಒಂದು ಮಾತು ಹೇಳಬೇಕು, ಯಾವ ಮಾತು ಎಂದು ನಾನು ಹೇಳಿಕೊಡುವುದಿಲ್ಲ.

ನೀವು ದೂರದ ಶಾಖೆಗೆ ಹೋದರೆ ನನಗೆ ತುಂಬಾ ದುಃಖವಾಗುತ್ತದೆ. ಇದನ್ನು ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಅತ್ತೆಯವರಿಗೆ ಬೆಳಿಗ್ಗೆ ಸಂಜೆ ಕೋಲು ಹಿಡಿದು ನಡೆಯಲು ಹೇಳಿ. ನಡೆಯುವುದಿಲ್ಲ ಎಂದರೆ ಡಾಕ್ಟರಮ್ಮ ಬೈಯುತ್ತಾಳೆ ಎನ್ನಿ. ದನದ ಡಾಕ್ಟರಾದರೇನು, ಮೂಳೆ ಎಲ್ಲರದೂ ಒಂದೇ.

ಇಂತಿ,
ಚಲಾವಣೆಯಲ್ಲಿದ್ದರೆ ನಿಮ್ಮ ಹೆಂಡತಿ

ಮರೆತ ಮಾತು: ಅವತ್ತು ನಾನು ಸುಮ್ಮನಿರಲಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟೆ. ಗುನುಗುವವರನ್ನೆಲ್ಲ ಮರೆತು, ಗಟ್ಟಿಯಾಗಿ, ಒಂದೇ ಮಾತಲ್ಲ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ ಮುಗಿಸಿದೆ. ಆಮೇಲೆ ನೋಡಿದರೆ ಫೋನು ಯಾವಾಗಲೋ ಸತ್ತಿತ್ತು. ತಿರುಗಿದರೆ ಮೆಟ್ಟಿಲ ಮೇಲೆ ಯಾರೂ ಗುನುಗುತ್ತಿರಲಿಲ್ಲ. ಇಡೀ ಊರಿಗೆ ನನ್ನ ಉತ್ತರ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ. ಅದನ್ನೇ ಎರಡನೇ ಸಲ ಅಲ್ಲಿ ನಿಂತು ಹೇಳಲಾರೆ, ಲಕೋಟೆಯಲ್ಲಿ ಹಾಕಿಯೂ ಕಳಿಸಲಾರೆ.

*

ಮಾರ್ಚ್ ೧೫, ಶನಿವಾರ

ಡಾಕ್ಟರಮ್ಮನಿಗೆ,

ನಿನ್ನ ಮನೆಯ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗ. ಪಕ್ಕದ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಟೈಲರಮ್ಮ ನೀನು ಆಚೆ ಹಳ್ಳಿಗೆ ಹೋಗಿದ್ದೀಯ, ಹೊತ್ತಾಗುತ್ತದೆ ಎಂದರು. ನಾನು ಯಾರು ಎಂದು ಕೇಳಲಿಲ್ಲ. "ಓ, ಬಂದ್ರಾ" ಅಂದರು, ಅಷ್ಟೇ. ಅವರು ಅಂದ ರೀತಿಗೆ ನನಗೆ ಬೆವರು ಬಂತು.

ನಿನ್ನ ಪತ್ರ ಗುರುವಾರ ಸಿಕ್ಕಿತು. ನಾನು ಓದಿ ಮೇಜಿನ ಮೇಲಿಟ್ಟು ಉತ್ತರಕ್ಕೆ ಪೆನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಬಂದು ತಾನೂ ಓದಿಬಿಟ್ಟಳು. ಬೇರೆಯವರ ಪತ್ರ ಓದಬಾರದು ಎಂದೆ. "ಅವಳು ನನಗೂ ಬರ್ದಿದ್ದಾಳೆ, ಕೊನೇಲಿ ನೋಡು" ಅಂದಳು. ಆಮೇಲೆ ಪೆನ್ನು ಕಿತ್ತುಕೊಂಡು, "ಬರಿಯೋದೇನಿದೆ? ಹೊರಡು" ಅಂದಳು. ಕೋಲು ಕೈಯಲ್ಲಿದ್ದ ಕಾರಣ ವಾದ ಮಾಡಲಿಲ್ಲ.

ಸಿಗ್ನಲ್ ಅಳೆಯುವ ಕಾರನ್ನು ಡ್ರೈವರ್ ಸಮೇತ ಆಫೀಸಿನಿಂದ ಕೇಳಿ ತಂದೆ. ತಲೆಯ ಮೇಲೆ ಆಂಟೆನಾ, ಒಳಗೆ ಸಾಲಾಗಿ ಕಟ್ಟಿದ ಫೋನುಗಳು. ಇಷ್ಟು ವರ್ಷ ಆ ಕಾರು ತಂದುಕೊಟ್ಟ ಅಂಕಿ ನೋಡಿದ್ದೇನೆಯೇ ಹೊರತು ಅದರೊಳಗೆ ಕೂತಿರಲಿಲ್ಲ. ಈ ತಗ್ಗಿನ ಮಟ್ಟಿಗೆ ಅದು ಅಂಕಿಯನ್ನೂ ತಂದಿರಲಿಲ್ಲ. ದಾರಿ ಕೆಟ್ಟದಾಗಿದೆ, ಕಡತ ನೋಡಿ ಲೆಕ್ಕ ಹಾಕಿಕೊಳ್ಳಿ ಎಂದು ಆಫೀಸಿನಲ್ಲಿ ಹೇಳಿದ್ದರು. ಹಾಕಿದೆ. ಗುಡ್ಡದ ತಿರುವು ಇಳಿಯುತ್ತಿದ್ದ ಹಾಗೆ ಫೋನುಗಳೆಲ್ಲ ಒಂದೊಂದಾಗಿ ಸುಮ್ಮನಾದವು. ನಿನ್ನ ಬೀದಿಗೆ ಬಂದಾಗ ಒಂದೂ ಉಸಿರಾಡುತ್ತಿರಲಿಲ್ಲ. ವಾಪಸ್ ಗುಡ್ಡ ಹತ್ತಿ ಟವರಿನ ಕೆಳಗೆ ನಿಂತು ನೋಡಿದೆ. ಈ ತಗ್ಗಿನ ಕಡೆಗೆ ಮುಖ ಮಾಡಿರಬೇಕಾದ ಆಂಟೆನಾವನ್ನು ಯಾರೂ ಹಾಕಿಯೇ ಇಲ್ಲ. ಆ ಜಾಗದಲ್ಲಿ ಬರೀ ಕಬ್ಬಿಣದ ಕಂಬಿ, ಅದರ ಮೇಲೆ ಒಂದು ಹಕ್ಕಿಯ ಗೂಡು. ನಮ್ಮ ಕಡತದಲ್ಲಿ ಅದು ಇದೆ, ಅದನ್ನು ನಂಬಿ ನಾನು ನೇರಳೆ ಬಳಿದೆ. ನಿನ್ನ ಅಂಗಳದಲ್ಲಿ ನಿಂತು ನಿನಗೆ ಫೋನ್ ಮಾಡಿದೆ. ಬಂದಿದ್ದೇನೆ ಎಂದು ಹೇಳುವ ಆಸೆಯಾಯಿತು. ಕರೆ ಹೋಗಲಿಲ್ಲ. ಮತ್ತೆ ಮಾಡಿದೆ. ಆ ದಿನ ಆಸ್ಪತ್ರೆಯಿಂದ ಮಾಡಿದ ಹಾಗೇ ಮಾಡುತ್ತಾ ಕೂತೆ.

ನೀನು ಹೇಳಿಕೊಡುವುದಿಲ್ಲ ಎಂದ ಆ ಮಾತು ನನಗೆ ಗೊತ್ತು. ನೀನು ನಿಜ ಹೇಳಿದ್ದೆ. ನಾನು ನಿನ್ನನ್ನು ಬಿಟ್ಟು ಕಡತವನ್ನು ನಂಬಿದೆ. ತಪ್ಪಾಯಿತು. ಇದನ್ನು ನಿನ್ನ ಮುಖ ನೋಡಿಯೂ ಹೇಳುತ್ತೇನೆ, ಇಲ್ಲಿ ಬರೆದಿಟ್ಟದ್ದು ಬಾಯಿ ತಡವರಿಸಿದರೆ ಇರಲಿ ಎಂದು.

ನಿನ್ನ ಉತ್ತರವನ್ನು ತಿಳಿದುಕೊಳ್ಳಲು ಬೆಳಗಿನಿಂದ ಅಲೆದೆ. ಊರಿಗೆಲ್ಲ ಗೊತ್ತು ಎಂದು ಬರೆದಿದ್ದೆಯಲ್ಲ. ಮೊದಲು ಟೈಲರಮ್ಮನನ್ನು ಕೇಳಿದೆ. ಅವರು ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡುಬಿಟ್ಟರು. ಕಟಿಂಗ್ ಶಾಪಿಗೆ ಹೋದೆ. ಅವನು ನಯವಾಗಿ, "ಅದು ಮೆಟ್ಟಿಲ ಮಾತು ಸಾರ್, ಕೆಳಗೆ ಆಡೋ ಹಾಗಿಲ್ಲ. ಕೂತ್ಕೊಳ್ಳಿ, ಕಟಿಂಗ್ ಮಾಡ್ತೀನಿ" ಅಂದ. ಬೇಡ ಎನ್ನಲಾಗದೆ ಕೂತೆ. ಹೌದು ಅಂದಳಾ ಇಲ್ಲ ಅಂದಳಾ, ಅಷ್ಟಾದರೂ ಹೇಳಪ್ಪ ಎಂದೆ. ಅವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿ, "ಕಿವಿ ಹತ್ರ ಸಣ್ಣ ಮಾಡ್ಲಾ ಸಾರ್?" ಎಂದು ಕೇಳಿದ. ಹಾಲಿನ ವ್ಯಾನಿನ ಡ್ರೈವರನ್ನು ದಾರಿಯಲ್ಲಿ ತಡೆದೆ. ಅವನು ನಕ್ಕು ಗಾಡಿ ಬಿಟ್ಟುಕೊಂಡು ಹೋದ. ಯಾಕೆ ನಕ್ಕ ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ. ಒಳ್ಳೆಯದಕ್ಕೆ ನಕ್ಕನೋ, ಅಯ್ಯೋ ಪಾಪ ಎಂದು ನಕ್ಕನೋ. ಇಂಥ ಊರನ್ನು ನಾನು ಕಂಡಿಲ್ಲ. ಬಾಯಿ ಬಿಡಿಸಲು ಹೋಗಿ ನಾನು ತಲೆ ಬೋಳಿಸಿಕೊಂಡು ಬಂದ ಹಾಗಾಯಿತು. ನೋಡಿದರೆ ಬೈಯಬೇಡ, ಒಂದು ಕಡೆ ಸ್ವಲ್ಪ ಹೆಚ್ಚೇ ಹೋಗಿದೆ.

ದೂರದ ಶಾಖೆಗೆ ಒಪ್ಪಿಗೆ ಕಳಿಸಲು ಇವತ್ತೇ ಕಡೆಯ ದಿನ. ನಿನ್ನ ಹೊಸ್ತಿಲ ಮೇಲೆ ಒಂದು ಗೀರೂ ಇಲ್ಲದೆ ಕೂತಿರುವವನು ಏನು ತಾನೇ ಕಳಿಸಲಿ? ಕೇಳಿದವರಿಗೆ ಸಿಗ್ನಲ್ ಇರಲಿಲ್ಲ ಎನ್ನುತ್ತೇನೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು. ಕಾರನ್ನು ಡ್ರೈವರ್ ಜೊತೆ ವಾಪಸ್ ಕಳಿಸಿದ್ದೇನೆ. ಈ ತಗ್ಗನ್ನು ಬೀದಿ ಬೀದಿ ನಡೆದು ಅಳೆಯಬೇಕಾಗಿದೆ, ಕೆಲವು ದಿನ ಹಿಡಿಯುತ್ತದೆ. ಎಲ್ಲಿ ಉಳಿಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಬಿಸಿಲು ಹೊಸ್ತಿಲಿಗೆ ಬಂತು. ಇದನ್ನು ಬಾಗಿಲ ಕೆಳಗೆ ತೂರಿಸಿ ಟೈಲರಮ್ಮನ ಅಂಗಡಿಯಲ್ಲಿ ಕೂತಿರುತ್ತೇನೆ. ಅವರು ಗುಂಡಿ ಹೊಲಿಯುವ ಕೆಲಸ ಕೊಡುತ್ತಾರಂತೆ.

ಇಂತಿ,
ನಿನ್ನ ನಕ್ಷೆರಾಯ

ಇದನ್ನು ಆಮೇಲೆ ಸೇರಿಸಿದೆ: ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಸಿಗ್ನಲ್ ಇಲ್ಲ ಎಂಬ ಸಬೂಬಿನ ಹಿಂದೆ ಅಡಗಿಕೊಳ್ಳುವುದು ಸರಿ ಕಾಣಲಿಲ್ಲ, ಹೋಗಿ ಟ್ಯಾಂಕು ಹತ್ತಿದೆ. ಎರಡು ಗೀರು ಬಂತು, ಮಾತು ಚೆನ್ನಾಗಿಯೇ ಕೇಳಿಸಿತು. ಆಫೀಸಿಗೆ ಫೋನ್ ಮಾಡಿ ಈ ತಗ್ಗಿನ ಬಣ್ಣ ಅಳಿಸಲು ಹೇಳಿದೆ. ದೂರದ ಶಾಖೆಗೆ ನಾನು ಬರುವುದಿಲ್ಲ, ಯಾವತ್ತೂ ಬರುವುದಿಲ್ಲ ಎಂದೂ ಹೇಳಿದೆ. ಯಾಕೆ ಎಂದು ಕೇಳಿದರು. ಯಾಕೆಂದೂ ಹೇಳಿದೆ, ಗಟ್ಟಿಯಾಗಿಯೇ. ಹಿಂದೆ ನಿಂತು ಗುನುಗುತ್ತಿದ್ದವರೆಲ್ಲ ಮಧ್ಯದಲ್ಲಿ ನಿಲ್ಲಿಸಿಬಿಟ್ಟರು. ಆದ್ದರಿಂದ ನೀನು ಊರೊಳಗೆ ಬರುವ ಹೊತ್ತಿಗೆ ಇದು ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ನಿನಗೆ ಹೇಳುವುದಿಲ್ಲ. ಅದಕ್ಕೇ ಬೀಗದ ಮುಂದೆ ಮತ್ತೆ ಬಂದು ಕೂತು ಬರೆದೆ. ಈಗ ನನ್ನ ಉತ್ತರ ನಿನಗೂ ಗೊತ್ತು. ನಿನ್ನದು ಗೊತ್ತಿಲ್ಲದವನು ಈ ಊರಲ್ಲಿ ನಾನೊಬ್ಬನೇ. ಬೇಗ ಬಾ.